ಹನ್ನೊಂದನೇ ಹೂವಿನ ಕಿವಿ

ನನಗಿರುವ ಕಾಯಿಲೆಯ ಹೆಸರು ಪಾರ್ಕಿನ್ಸನ್. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಮಾಡುವ ಕೆಲಸವೆಲ್ಲ ನಿಧಾನವಾಗುತ್ತದೆ. ಇದು ವಾಸಿಯಾಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಗುಣವಾಯಿತು ಅಂತ ಬರೆಯುತ್ತಾಳೆ ಎಂದು ಯಾರೂ ಕಾದು ಓದುವುದು ಬೇಡ. ಗೊತ್ತಾದಾಗ ಇಲ್ಲಿ ದೋಹಾದಲ್ಲಿ ಇದೇ ಕಾಯಿಲೆಯ ನಮ್ಮ ಕಡೆಯ ಒಬ್ಬ ಹೆಂಗಸೂ ನನಗೆ ಸಿಗಲಿಲ್ಲ. ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ಅದಕ್ಕೆ ಬರೆದೆ. ನಾನು ಕಲಿತದ್ದು ಮೂರನೇ ಕ್ಲಾಸ್. ಬರೆದದ್ದನ್ನು ಎದುರು ಮನೆಯ ಶಕುಂತಳಾ ತಿದ್ದಿದ್ದಾಳೆ. ಚಂದ ಮಾಡಬೇಡ, ತಪ್ಪು ಮಾತ್ರ ತಿದ್ದು ಅಂತ ಹೇಳಿದ್ದೇನೆ.

ನಾನು ಕತಾರಿಗೆ ಬಂದದ್ದು ಮಗು ನೋಡಿಕೊಳ್ಳಲಿಕ್ಕೆ. ಮಗಳು ಹಿಲ್ಡಾಳಿಗೆ ಆಫೀಸು. ಅಳಿಯ ವಿನ್ಸೆಂಟನಿಗೆ ದುಖಾನ್ ಎಂಬ ದೂರದ ಎಣ್ಣೆಬಾವಿಯ ಊರಿನಲ್ಲಿ ಕೆಲಸ, ಗುರುವಾರ ಸಂಜೆ ಬಂದು ಶನಿವಾರ ವಾಪಸು ಹೋಗುತ್ತಾನೆ. ಮನೆ ದೋಹಾದ ಮುಶೈರಿಬ್‌ನ ಒಂದು ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆ, ಲಿಫ್ಟ್ ವಾರದಲ್ಲಿ ನಾಲ್ಕು ದಿನ ಹಾಳು. ಮಗು ಮೆಲಿಟಾಳಿಗೆ ಆಗ ಮೂರು ತಿಂಗಳು. ಬೆಳಿಗ್ಗೆ ಏಳಕ್ಕೆ ಹಿಲ್ಡಾ ಮಗುವನ್ನು ನನ್ನ ಕೈಗೆ ಹಾಕಿದರೆ ಸಂಜೆ ಆರಕ್ಕೆ ತೆಗೆದುಕೊಳ್ಳುವುದು. ಆ ಮನೆಯಲ್ಲಿ ನನಗೆ ಇದ್ದ ಕೆಲಸ ಅದೊಂದೇ. ನಾನು ಅಲ್ಲಿದ್ದದ್ದೂ ಅದಕ್ಕೇ.

ಶಕುಂತಳಾ ನಮ್ಮ ಎದುರು ಬಾಗಿಲಿನವಳು, ಉಡುಪಿ ಕಡೆಯ ತುಳು ಮಾತಿನವಳು, ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಅನ್ನುತ್ತಾಳೆ. ಗಂಡ ಕೆಲಸಕ್ಕೆ ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂರುತ್ತಾಳೆ, ಇಲ್ಲವೆ ನೂಲು ಹಿಡಿದು ಕೂರುತ್ತಾಳೆ. ಒಂದು ದಿನ ಮಗುವಿನ ನಾಮಕರಣದ ಫ್ರಾಕನ್ನು ಹಗ್ಗದಿಂದ ತೆಗೆದು ಅಂಚು ತಿರುಗಿಸಿ ನೋಡಿದಳು.

"ಬಾಯಮ್ಮ, ಇದು ಅಂಗಡಿಯದ್ದಲ್ಲ."

"ಅಂಗಡಿಯವನಿಗೆ ಇದು ಬರುತ್ತದಾ? ನಾನು ಮಾಡಿದ್ದು."

"ಇದು ಟ್ಯಾಟಿಂಗ್ ಲೇಸ್ ಅಲ್ವಾ? ಮಾರಾಯ್ತಿ, ನಾನು ಆರು ತಿಂಗಳಿಂದ ಪುಸ್ತಕ ನೋಡಿ ಕಲೀತಾ ಇದ್ದೇನೆ. ಗಂಟು ತಿರುಗೂದೇ ಇಲ್ಲ!"

ನನಗೆ ಅದನ್ನು ಕಲಿಸಿದ್ದು ಕಾನ್ವೆಂಟಿನ ಸಿಸ್ಟರು. ಅಪ್ಪ ಸತ್ತ ಮೇಲೆ ಶಾಲೆ ಬಿಡಿಸಿ ನನ್ನನ್ನು ಅವರ ಹೊಲಿಗೆ ಕೋಣೆಗೆ ಸೇರಿಸಿದ್ದರು. ಬೆರಳಿನಷ್ಟು ಉದ್ದದ ಶಟಲಿಗೆ ನೂಲು ಸುತ್ತಿ, ಎಡಗೈ ಬೆರಳುಗಳ ಸುತ್ತ ಇನ್ನೊಂದು ಸುತ್ತು ಹಾಕಿ, ಗಂಟಿನ ಮೇಲೆ ಗಂಟು. ಗಂಟು ಶಟಲಿನ ನೂಲಿನಿಂದ ಎಡಗೈ ನೂಲಿಗೆ ತಿರುಗಬೇಕು. ತಿರುಗದಿದ್ದರೆ ಎಳೆದರೂ ಸುತ್ತು ಮುಚ್ಚುವುದಿಲ್ಲ, ಕತ್ತರಿಸಿ ಬಿಸಾಡುವುದೇ. ಎರಡು ಗಂಟಿನ ನಡುವೆ ಸ್ವಲ್ಪ ನೂಲು ಬಿಟ್ಟರೆ ಸಣ್ಣ ಕುಣಿಕೆ ನಿಲ್ಲುತ್ತದೆ. ಸಿಸ್ಟರು ಅದಕ್ಕೆ ಪಿಕೋ ಅನ್ನುತ್ತಿದ್ದರು, ನಾವು ಹುಡುಗಿಯರು ಕಿವಿ ಅನ್ನುತ್ತಿದ್ದೆವು. ಕಿವಿಗೆ ಅಳತೆ ಕೋಲಿಲ್ಲ. ಬೆರಳೇ ಅಳತೆ.

ಶಕುಂತಳಾ ಇಂಟರ್‌ನೆಟ್ಟಿನಲ್ಲಿ ಒಂದು ಪಂದ್ಯಕ್ಕೆ ಸೇರಿದ್ದಳು. ಒಂದು ವರ್ಷದಲ್ಲಿ ಇಪ್ಪತ್ತೈದು ತುಂಡು ಟ್ಯಾಟಿಂಗ್ ಮಾಡಬೇಕು, ಒಂದೊಂದರ ಫೋಟೋ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಅಮೆರಿಕ, ಜಪಾನ್, ಫಿನ್‌ಲೆಂಡ್, ಎಲ್ಲೆಲ್ಲಿಯದೋ ಹೆಂಗಸರು.

"ಗೆದ್ದವರಿಗೆ ಎಂತ ಕೊಡ್ತಾರೆ?" ಅಂತ ಕೇಳಿದೆ.

"ಎಂತ ಇಲ್ಲ."

"ಯಾರು ನೋಡ್ತಾರೆ, ಮಾಡಿದ್ದಾ ಇಲ್ಲವಾ ಅಂತ?"

"ಯಾರೂ ಇಲ್ಲ."

"ಹಾಗಾದರೆ ಕೆಲಸ ಇಲ್ಲದವರ ಕೆಲಸ."

"ಹೌದು. ನಿಮ್ಮ ಹೆಸರು ಹಾಕಲಾ?"

ಹಾಕು ಅಂದೆ. ಮಗು ಮಲಗಿದ ಮೇಲೆ ಗೋಡೆ ನೋಡಿಕೊಂಡು ಎಷ್ಟು ಹೊತ್ತು ಕೂರುವುದು?

ನನಗೆ ಬರುವ ಮಾದರಿ ಒಂದೇ. ಆರು ಎಸಳಿನ ಹೂವು, ಎಸಳಿಗೆ ಐದು ಕಿವಿ. ಚರ್ಚಿನಲ್ಲಿ ಪೂಜೆಯ ಮೇಜಿಗೆ, ಆಲ್ತಾರಿಗೆ, ಹಾಸುವ ಬಟ್ಟೆಗೆ ಅಂತ ಸಿಸ್ಟರು ಕಲಿಸಿದ್ದು. ಬೇರೆ ಮಾದರಿಯೆಲ್ಲ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಉಂಟು, ನನಗೆ ಓದಲು ಬರುವುದಿಲ್ಲ. ಉಳಿದ ಹೆಂಗಸರು ಒಂದು ಸಲ ಚಿಟ್ಟೆ, ಒಂದು ಸಲ ಶಿಲುಬೆ, ಒಂದು ಸಲ ಮಂಜಿನ ಹರಳು ಮಾಡುವಾಗ ನಾನು ಅದೇ ಹೂವು ಮಾಡಿದೆ. ಮೂರನೆಯದಾದ ಮೇಲೆ ಯಾರೋ ಕೇಳಿದ್ದರಂತೆ, ಈ ಅಜ್ಜಿ ಯಾಕೆ ಒಂದನ್ನೇ ಮಾಡುವುದು ಎಂದು. ಶಕುಂತಳಾ ಕೈ ಪಳಗಿಸಲಿಕ್ಕೆ ಅಂತ ಉತ್ತರ ಬರೆಯಲು ಹೊರಟಳು.

"ಸುಳ್ಳು ಬರೆಯಬೇಡ. ನನಗೆ ಬೇರೆ ಬರುವುದಿಲ್ಲ ಅಂತ ಬರೆ."

ಹಾಗೇ ಬರೆದಳು. ಅವರಿಗೆ ಅದು ಇಷ್ಟವಾಯಿತಂತೆ.

ಐದನೆಯದೋ ಆರನೆಯದೋ ಆದಮೇಲೆ ಹೊಗಳಿಕೆ ಶುರುವಾಯಿತು. ಎಷ್ಟು ನಯ, ಎಷ್ಟು ಸಣ್ಣ ಪಿಕೋ, ಈ ವಯಸ್ಸಿನಲ್ಲಿ ಇಂಥ ಕೈ! ಶಕುಂತಳಾ ಓದಿ ಹೇಳುತ್ತಿದ್ದಳು, ನಾನು ಬೇಡ ಬೇಡ ಅನ್ನುತ್ತ ಕೇಳುತ್ತಿದ್ದೆ. ನಿಜ ಹೇಳಬೇಕಲ್ಲ, ಹೊಟ್ಟೆ ತುಂಬುತ್ತಿತ್ತು. ನನ್ನ ಜೀವಮಾನದಲ್ಲಿ ಯಾರೂ ಅಷ್ಟು ಹೊಗಳಿರಲಿಲ್ಲ. ಸಿಸ್ಟರು ಇದ್ದು ನೋಡಬೇಕಿತ್ತು ಅನಿಸುತ್ತಿತ್ತು. ಕಿವಿ ಸಣ್ಣದಾಗಿ ನಿಂತಷ್ಟೂ ಕೆಲಸ ಮೇಲು ಅಂತ ನಾವು ಕಲಿತದ್ದು.

ಬೇರೆ ಗುರುತು ಇರಲಿಲ್ಲವಾ ಅಂದರೆ, ಇತ್ತು. ಬಲಗಾಲಿನ ಚಪ್ಪಲಿ ಎಳೆಯುತ್ತಿತ್ತು. ಒಲೆಯ ಮೇಲೆ ಬಂಗುಡೆ ಮೀನು ಸೀದು ಕರಿಯಾದರೂ ನನಗೆ ವಾಸನೆ ಬಂದಿರಲಿಲ್ಲ, ಶಕುಂತಳಾ ಓಡಿಬಂದು ಗ್ಯಾಸ್ ಆರಿಸಿದ್ದಳು. ಸುಮ್ಮನೆ ಕೂತಾಗ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತ ಇರುತ್ತಿತ್ತು. ಎ.ಸಿ. ಗಾಳಿಗೆ ಅಂದುಕೊಂಡೆ. ಗಂಟು ತಿರುಗದೆ ಸುತ್ತು ಮುಚ್ಚದೆ ಮೂರು ಸಲ ಕತ್ತರಿಸಿದೆ. ಹನ್ನೆರಡು ವರ್ಷದ ಹುಡುಗಿಯಾದಾಗಿನಿಂದ ನಾನು ಕತ್ತರಿಸಿದ್ದಿಲ್ಲ. ನೂಲು ಸರಿ ಇಲ್ಲ ಅಂದೆ.

ಹನ್ನೊಂದನೇ ಹೂವಿನ ಫೋಟೋ ಹಾಕಿ ನಾಲ್ಕು ದಿನವಾದರೂ ಶಕುಂತಳಾ ಬಂದು ಓದಲಿಲ್ಲ. ಐದನೇ ದಿನ ನಾನೇ ಹೋಗಿ ಕೇಳಿದೆ.

"ಎಂತ, ಈ ಸಲ ಯಾರಿಗೂ ಇಷ್ಟ ಆಗ್ಲಿಲ್ವಾ?"

"ಹಾಗಲ್ಲ ಬಾಯಮ್ಮ."

"ಮತ್ತೆ? ಬಾಯಲ್ಲಿ ನೀರು ತುಂಬಿಸಿಕೊಂಡವರ ಹಾಗೆ ಇದ್ದೀಯಲ್ಲ."

ನ್ಯೂಜಿಲೆಂಡಿನ ಜೋನ್ ಎಂಬ ಹೆಂಗಸು ಬರೆದಿದ್ದಳು. ನನ್ನ ಹನ್ನೊಂದು ಹೂವಿನ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದಳಂತೆ. ಸಿಟ್ಟು ಮಾಡಬೇಡಿ, ನನ್ನ ಗಂಡನ ಅಕ್ಷರ ಹೀಗೇ ತಿಂಗಳು ತಿಂಗಳು ಸಣ್ಣದಾಗುತ್ತ ಹೋಯಿತು, ನಾವು ಕಣ್ಣಿನ ಡಾಕ್ಟರಿಗೆ ತೋರಿಸಿ ಎರಡು ವರ್ಷ ಕಳೆದೆವು, ನೀವು ಅಜ್ಜಿಯನ್ನು ನರದ ಡಾಕ್ಟರಿಗೆ ತೋರಿಸಿ. ಅಷ್ಟೇ.

ನನಗೆ ಸಿಟ್ಟು ಬಂತು. "ಅವಳ ಗಂಡನ ಅಕ್ಷರಕ್ಕೂ ನನ್ನ ಹೂವಿಗೂ ಎಂತ ಸಂಬಂಧ? ಹೊಟ್ಟೆಕಿಚ್ಚು."

"ಹೂವು ಎಲ್ಲ ತನ್ನಿ, ನೋಡುವ," ಅಂದಳು.

ಅವಳ ಕರಿ ನೈಟಿ ಹಾಸಿ ಹನ್ನೊಂದನ್ನೂ ಸಾಲಾಗಿ ಇಟ್ಟೆವು. ಮೊದಲನೆಯದರ ಕಿವಿಯಲ್ಲಿ ಸಾಸಿವೆ ಕಾಳು ನಿಲ್ಲುತ್ತಿತ್ತು. ಹನ್ನೊಂದನೆಯದರಲ್ಲಿ ಸೂಜಿಯ ಮೊನೆ ಕಷ್ಟ. ನಡುವಿನವು ಮೆಟ್ಟಿಲು ಇಳಿದ ಹಾಗೆ. ಬೇರೆ ಬೇರೆ ಮಾದರಿ ಮಾಡಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ನಾನು ನಯ ಮಾಡಿದ್ದಲ್ಲ. ನಾನು ಬಿಟ್ಟೆ ಅಂದುಕೊಂಡಷ್ಟು ನೂಲನ್ನು ಕೈ ಬಿಡುತ್ತಿರಲಿಲ್ಲ.

"ಹಿಲ್ಡಾಳಿಗೆ ಹೇಳಬೇಡ," ಅಂದೆ.

"ಯಾಕೆ?"

"ಮಗುವನ್ನು ಎತ್ತಲು ಬಿಡುವುದಿಲ್ಲ ಅವಳು."

ಮೂರು ವಾರ ಮುಚ್ಚಿಟ್ಟೆ. ಆ ಮೂರು ವಾರ ಮಗುವನ್ನು ಹೆಚ್ಚೇ ಎತ್ತಿಕೊಂಡೆ. ಇನ್ನು ಸಿಗುವುದಿಲ್ಲ ಅಂತ ಗೊತ್ತಿತ್ತಲ್ಲ. ಎಡಗೈಯಲ್ಲಿ ಭಾರ, ಬಲಗೈ ಸುಮ್ಮನೆ ಅಂಟಿಸಿಕೊಂಡು ನಡೆಯುತ್ತಿದ್ದೆ. ಒಂದು ಬೆಳಿಗ್ಗೆ ಸ್ನಾನ ಮಾಡಿಸಿ ಟಬ್ಬಿನಿಂದ ಎತ್ತುವಾಗ ಬಲಗೈ ಬರಲೇ ಇಲ್ಲ. ನಾನು ಬಾ ಅಂದೆ, ಅದು ನಿಂತುಬಿಟ್ಟಿತು. ಸೋಪಿನ ಮೈ ಎಡಗೈಯಿಂದ ಜಾರಿತು. ಮಗುವಿನ ತಲೆ ನಲ್ಲಿಗೆ ಬಡಿಯಿತು. ಸದ್ದು ಕೇಳಿತು ನನಗೆ. ಮೊದಲು ಅಳಲಿಲ್ಲ, ಬಾಯಿ ತೆರೆದುಕೊಂಡು ನನ್ನನ್ನೇ ನೋಡಿತು. ಆಮೇಲೆ ಅತ್ತಿತು.

ಸಂಜೆಗೆ ಹಣೆಯ ಬದಿಯಲ್ಲಿ ನಿಂಬೆಹಣ್ಣಿನಷ್ಟು ಊತ. ತೊಟ್ಟಿಲಿನ ಕಂಬಿಗೆ ಬಡಿದುಕೊಂಡಿತು ಅಂತ ಹಿಲ್ಡಾಳಿಗೆ ಸುಳ್ಳು ಹೇಳಿದೆ. ಅವಳು ನಂಬಿದಳು. ತಾಯಿ ಮಾತು ನಂಬದೆ ಇರುತ್ತಾಳಾ?

ಮರುದಿನ ಶಕುಂತಳಾ ಬಂದವಳು ಮಗುವಿನ ಹಣೆ ನೋಡಿದಳು, ನನ್ನ ಮುಖ ನೋಡಿದಳು. ಕೂರಲಿಲ್ಲ.

"ಬಾಯಮ್ಮ, ಇವತ್ತು ನೀವು ಹೇಳ್ತೀರಾ, ನಾನು ಹೇಳ್ಬೇಕಾ?"

ಹಿಲ್ಡಾಳಿಗೆ ನಾನೇ ಹೇಳಿದೆ. ಎಲ್ಲ ಅಲ್ಲ, ಕೈಯ ವಿಷಯ ಮಾತ್ರ.

ಆಸ್ಪತ್ರೆಯಲ್ಲಿ ಹೆಂಗಸರಿಗೆ ಬೇರೆ ಕೋಣೆ. ಟೋಕನ್ ತೆಗೆದುಕೊಂಡು ಕೂರಬೇಕು, ಗೋಡೆಯ ಮೇಲೆ ಕೆಂಪು ನಂಬರು ಬರುತ್ತದೆ. ನಾಲ್ಕು ಸಲ ಹೋದೆವು. ರಕ್ತ, ತಲೆಯ ಫೋಟೋ, ಮತ್ತೆ ರಕ್ತ. ಹಿಲ್ಡಾ ರಜೆ ಹಾಕಿ ಬರುವುದು, ಒಂದು ಕಣ್ಣು ಗಡಿಯಾರದ ಮೇಲೆ. ಕಾಯುವ ಕೋಣೆಯ ಚಳಿಗೆ ಬಲಗೈ ಇನ್ನೂ ಕುಣಿಯುತ್ತಿತ್ತು, ಸೆರಗಿನ ಒಳಗೆ ಇಟ್ಟುಕೊಂಡಿದ್ದೆ. ಮೂರನೇ ಸಲ ಪಕ್ಕದಲ್ಲಿ ಒಬ್ಬಳು ಅರಬ್ಬಿ ಮುದುಕಿ, ನನ್ನ ಪ್ರಾಯದವಳೇ, ಮೈತುಂಬ ಕಪ್ಪು. ನನ್ನ ಸೆರಗು ಅಲ್ಲಾಡುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಲದಿಂದ ಫ್ಲಾಸ್ಕ್ ತೆಗೆದು ಸಣ್ಣ ಕಪ್ಪಿಗೆ ಕಾಫಿ ಬಗ್ಗಿಸಿದಳು, ಅರ್ಧಕ್ಕಿಂತ ಕಡಿಮೆ, ಚೆಲ್ಲದ ಹಾಗೆ. ಕಪ್ಪನ್ನು ನನ್ನ ಕೈಗೆ ಕೊಡಲಿಲ್ಲ, ಎಡಗೈ ಹಿಡಿದು ಅದರಲ್ಲಿ ಇಟ್ಟಳು. ಅವಳಿಗೆ ಎಂತ ಕಾಯಿಲೆಯೋ ಗೊತ್ತಿಲ್ಲ. ಕುಡಿದು ಮುಗಿದ ಮೇಲೆ "ಖಲಾಸ್?" ಅಂತ ಕೇಳಿದಳು. ನಾನೂ "ಖಲಾಸ್" ಅಂದೆ. ನಮ್ಮಿಬ್ಬರ ಮಾತು ಅಷ್ಟೇ.

ಡಾಕ್ಟರು ಸುಡಾನಿನವರು. ಮಾತು ದಾಟಿಸಲು ಅಷ್ಟಿಷ್ಟು ಕನ್ನಡ ಬರುವ ಒಬ್ಬಳು ಮಲಯಾಳಿ ನರ್ಸ್. ಹೆಬ್ಬೆರಳಿಗೆ ತೋರುಬೆರಳು ಬಡಿ ಅಂದರು, ಬಡಿದೆ. ನಾಲ್ಕು ಬಡಿತಕ್ಕೆ ಬೆರಳು ತೆರೆಯುವುದೇ ಕಡಿಮೆಯಾಯಿತು. ನಡೆ ಅಂದರು, ನಡೆದೆ. ಒಂದು ವಾಕ್ಯ ಬರೆ ಅಂದರು.

"ಅಮ್ಮಚ್ಚಿ, ಯಾವ ಭಾಷೆ ಆದರೂ ಆಗ್ತದೆ," ಅಂದಳು ನರ್ಸ್.

"ನನಗೆ ಬರೆಯುವ ಅಭ್ಯಾಸ ಇಲ್ಲ. ಇದನ್ನು ನೋಡಲು ಹೇಳು," ಅಂತ ಬ್ಯಾಗಿನಿಂದ ಹೂವುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟೆ. ಒಂದರಿಂದ ಹನ್ನೊಂದು.

ಡಾಕ್ಟರು ಮೊದಲು ನಕ್ಕರು, ಅವರಿಗೆ ಕೊಡಲು ತಂದದ್ದು ಅಂದುಕೊಂಡು. ಆಮೇಲೆ ಕನ್ನಡಕ ಹಾಕಿ ಬಗ್ಗಿ ನೋಡಿದರು. ಬಗ್ಗಿದವರು ಬೇಗ ಏಳಲಿಲ್ಲ. ಏನೋ ಹೇಳಿದರು. ನರ್ಸ್ ದಾಟಿಸುವ ಮೊದಲು ನನ್ನ ಭುಜದ ಮೇಲೆ ಕೈ ಇಟ್ಟಳು. ನರ್ಸ್ ಭುಜದ ಮೇಲೆ ಕೈ ಇಟ್ಟರೆ ಒಳ್ಳೆಯ ಸುದ್ದಿ ಅಲ್ಲ ಅಂತ ಎಲ್ಲರಿಗೂ ಗೊತ್ತು. ಕಾಯಿಲೆಯ ಹೆಸರು ಹೇಳಿದರು. ಮಾತ್ರೆ ಉಂಟು, ವಾಸಿ ಮಾಡುವ ಮದ್ದು ಇಲ್ಲ ಅಂದರು. ಮಾತ್ರೆ ತಿಂದರೆ ಕೆಲವು ಗಂಟೆ ಕೈ ಕೇಳುತ್ತದೆ, ಇಳಿದರೆ ಕೇಳುವುದಿಲ್ಲ.

ನಾನು ಕೇಳಿದ್ದು ಒಂದೇ. "ಮಗುವನ್ನು ಎತ್ತಬಹುದಾ ಕೇಳು."

"ಕೂತುಕೊಂಡು, ಪಕ್ಕದಲ್ಲಿ ಯಾರಾದರೂ ಇದ್ದರೆ. ನಡೆಯುತ್ತ ಬೇಡ. ನೀರಿನ ಹತ್ತಿರ ಬೇಡವೇ ಬೇಡ."

ನೀರು ಅಂದ ಕೂಡಲೇ ಹಿಲ್ಡಾ ನನ್ನ ಕಡೆ ತಿರುಗಿದಳು. ಟ್ಯಾಕ್ಸಿಯಲ್ಲಿ ಕೊಂಕಣಿಯಲ್ಲಿ ಕೇಳಿದಳು.

"ಮಾಂಯ್, ಆ ಊತ ತೊಟ್ಟಿಲಿನದ್ದಾ?"

"ಅಲ್ಲ. ನಲ್ಲಿಯದ್ದು."

"ಕೈ ಆಗುವುದಿಲ್ಲ ಅಂತ ನಿನಗೆ ಆಗ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಎತ್ತಿದೆಯಾ?"

"ಎತ್ತಿದೆ."

ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಕಾಯಿಲೆಗೆ ಅತ್ತಳೋ ಸುಳ್ಳಿಗೆ ಅತ್ತಳೋ ನಾನು ಕೇಳಲಿಲ್ಲ. ಹನ್ನೆರಡು ದಿನ ಊಟಕ್ಕೆ ಬಾ, ಮಾತ್ರೆ ತಿಂದೆಯಾ, ಈ ಎರಡು ಮಾತು ಬಿಟ್ಟು ಬೇರೆ ಮಾತಿಲ್ಲ. ತಪ್ಪು ಅವಳದ್ದಲ್ಲ. ನನ್ನ ಮಗುವಿಗೆ ಯಾರಾದರೂ ಹಾಗೆ ಮಾಡಿದ್ದರೆ ನಾನು ಮನೆಯಿಂದ ಹೊರಗೆ ಹಾಕುತ್ತಿದ್ದೆ.

ವಿನ್ಸೆಂಟ್ ತಮಾಷೆಯ ಮನುಷ್ಯ. ಆ ಗುರುವಾರ ತಮಾಷೆ ಇರಲಿಲ್ಲ. ನನ್ನ ಎದುರು ಕೂತು ಬೂಟ್ಸ್ ಬಿಚ್ಚುತ್ತ ಕೇಳಿದ, "ಮಾಂಯ್, ಊರಿಗೆ ಹೋಗ್ತೀರಾ? ಟಿಕೆಟ್ ಮಾಡ್ಲಾ?"

"ನಿನ್ನ ಮನೆ. ನೀನು ಹೇಳಿದ ಹಾಗೆ."

"ನಾನು ಕೇಳಿದ್ದು ನಿಮ್ಮ ಇಷ್ಟ."

"ಊರಿನಲ್ಲಿ ಯಾರಿದ್ದಾರೆ? ನನ್ನ ತಮ್ಮನ ಹೆಂಡತಿ. ಅವಳಿಗೆ ನನ್ನ ಕೈ ನೆಟ್ಟಗಿದ್ದಾಗಲೇ ನಾನು ಬೇಡ."

ಅವನು ಸ್ವಲ್ಪ ನಕ್ಕ. "ಹಾಗಾದರೆ ಮಾಫಿ ಟಿಕೆಟ್," ಅಂದ. ಮಾಫಿ ಅಂದರೆ ಇಲ್ಲಿಯ ಅರಬ್ಬಿಯಲ್ಲಿ ಇಲ್ಲ ಅಂತ. ಟಿಕೆಟಿನ ಮಾತು ಅಲ್ಲಿಗೆ ನಿಂತಿತು.

ಆದರೆ ಮಗುವಿಗೆ ಆಳು ಬಂದಳು. ಸಿಂಹಳದವಳು, ಹೆಸರು ಲೀಲಾ, ಗಟ್ಟಿ ತೋಳು. ಬೆಳಿಗ್ಗೆ ಏಳಕ್ಕೆ ಹಿಲ್ಡಾ ಮಗುವನ್ನು ಅವಳ ಕೈಗೆ ಹಾಕಿ ಹೋಗತೊಡಗಿದಳು. ನಾನು ಪಕ್ಕದ ಕುರ್ಚಿಯಲ್ಲಿ. ಲೀಲಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈಯಬಹುದಿತ್ತು.

ಮಾತ್ರೆಯ ಮೊದಲ ತಿಂಗಳು ಬರೀ ವಾಂತಿ. ಬಿಸಿ ಚಾದ ಜೊತೆ ತಿನ್ನಬೇಡಿ, ಒಣ ರೊಟ್ಟಿಯ ತುಂಡಿನ ಜೊತೆ ತಿನ್ನಿ, ಇದು ನಾನೇ ಕಂಡುಕೊಂಡದ್ದು. ಹೊಸಬರು ಡಾಕ್ಟರನ್ನು ಕೇಳಿಕೊಂಡು ಮಾಡಿ. ಇನ್ನೊಂದು, ಹೊತ್ತಿಗೆ ಸರಿಯಾಗಿ ತಿನ್ನಿ. ಹತ್ತು ನಿಮಿಷ ತಪ್ಪಿದರೆ ಕೂತ ಕುರ್ಚಿ ನಿಮ್ಮನ್ನು ಬಿಡುವುದಿಲ್ಲ.

ಎರಡು ತಿಂಗಳು ಶಟಲ್ ಮುಟ್ಟಲಿಲ್ಲ. ಆಮೇಲೆ ಶಕುಂತಳಾಳ ಹತ್ತಿರ ಜೋನಳಿಗೆ ಬರೆಸಿದೆ: ನೀವು ಹೇಳಿದ್ದು ಸರಿಯಾಯಿತು, ನಾನು ನಿಮ್ಮನ್ನು ಬೈದಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಅವಳ ಉತ್ತರ ಅದೇ ದಿನ ಬಂತು. ಬೈದದ್ದಕ್ಕೆ ಬೇಜಾರಿಲ್ಲ. ನಿಲ್ಲಿಸಬೇಡಿ, ಕೆಟ್ಟದಾಗಿ ಬಂದರೂ ಬಿಸಾಡಬೇಡಿ, ಅದರದ್ದೂ ಫೋಟೋ ಹಾಕಿ.

ಹಾಕಿದೆ. ಹನ್ನೆರಡನೆಯದರಲ್ಲಿ ಎರಡು ಎಸಳು ಮುಚ್ಚಲಿಲ್ಲ, ಬಾಯಿ ಬಿಟ್ಟ ಹಾಗೆ ಉಳಿದವು. ಹದಿಮೂರು ಪರವಾಗಿಲ್ಲ, ಮಾತ್ರೆ ಏರಿದ ಹೊತ್ತಿನಲ್ಲಿ ಮಾಡಿದ್ದು. ಹದಿನಾಲ್ಕು ಹೂವಿನ ಹಾಗೇ ಇಲ್ಲ. ಮೊದಲು ಎರಡು ಮಧ್ಯಾಹ್ನದಲ್ಲಿ ಆಗುತ್ತಿದ್ದದ್ದಕ್ಕೆ ಈಗ ಹತ್ತು ಮಧ್ಯಾಹ್ನ. ಈಗ ಯಾರೂ ನಯ ಅಂತ ಹೊಗಳುತ್ತಿರಲಿಲ್ಲ. ನೋಡಿದೆವು ಅಂತ ಬರೆಯುತ್ತಿದ್ದರು. ಜಪಾನಿನವಳೊಬ್ಬಳಂತೂ ಪ್ರತಿ ಸಲ ನಂಬರು ಮಾತ್ರ ಬರೆಯುತ್ತಿದ್ದಳು: ಹದಿನಾಲ್ಕು. ಹದಿನೈದು. ನನಗೆ ಅದೇ ಸಾಕಾಗುತ್ತಿತ್ತು.

ಹದಿನೇಳರ ಹೊತ್ತಿಗೆ ಜೋನ್ ಬರೆಯುವುದು ನಿಂತಿತು. ಒಂದು ತಿಂಗಳಾದ ಮೇಲೆ ಬರೆದಳು, ಗಂಡನನ್ನು ಆರೈಕೆಯ ಮನೆಗೆ ಸೇರಿಸಿದ್ದಾಳೆ, ಅವನಿಗೆ ನುಂಗಲು ಆಗುವುದಿಲ್ಲ, ಅವಳ ಗುರುತೂ ಸಿಗುವುದಿಲ್ಲ.

"ಅವನಿಗೆ ಶುರುವಾಗಿ ಎಷ್ಟು ವರ್ಷ, ಕೇಳು," ಅಂದೆ.

"ಅದೆಲ್ಲ ಯಾಕೆ ಬಾಯಮ್ಮ. ಒಬ್ಬೊಬ್ಬರಿಗೆ ಒಂದೊಂದು ಥರ."

"ಕೇಳು."

ಕೇಳಿದಳು. ಒಂಬತ್ತು ವರ್ಷ. ಸುಮ್ಮನೆ ತಿಳಿದಿರಲಿ ಅಂತ ಕೇಳಿದ್ದು. ತಿಳಿದ ಮೇಲೆ ಹದಿನೆಂಟನೆಯದಕ್ಕೆ ನೂಲು ಸುತ್ತಿದೆ.

ವರ್ಷ ಮುಗಿಯುವಾಗ ನನ್ನದು ಹತ್ತೊಂಬತ್ತು ಆಗಿತ್ತು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಹತ್ತೊಂಬತ್ತು ಅಂತಲೇ ಉಂಟು. ಇಪ್ಪತ್ತೈದು ಅಂತ ಹಾಕುತ್ತೇವೆ ಅಂದರಂತೆ, ಕಾಯಿಲೆ ಅಲ್ಲವಾ ಅಂತ. ಮಾಡದ್ದನ್ನು ಮಾಡಿದೆ ಅಂತ ಹಾಕಬೇಡಿ ಅಂದೆ. ತೊಟ್ಟಿಲಿನ ಸುಳ್ಳು ಒಂದು ಹೇಳಿಯೇ ಸಾಕಾಗಿತ್ತು.

ಇನ್ನು ಮಗುವಿನ ವಿಷಯ. ಅಷ್ಟು ತಿಂಗಳೂ ಹಿಲ್ಡಾ ನನ್ನನ್ನೂ ಮಗುವನ್ನೂ ಒಂದು ಕೋಣೆಯಲ್ಲಿ ಇಬ್ಬರನ್ನೇ ಬಿಟ್ಟವಳಲ್ಲ. ಸ್ನಾನಕ್ಕೆ ಹೋಗುವುದಾದರೂ ಮಗುವನ್ನು ಶಕುಂತಳಾಳಿಗೆ ಕೊಟ್ಟು ಹೋಗುವಳು.

ಒಂದು ಶುಕ್ರವಾರ. ಲೀಲಾಳಿಗೆ ರಜೆ, ವಿನ್ಸೆಂಟ್ ಆ ವಾರ ಬಂದಿರಲಿಲ್ಲ, ಶಕುಂತಳಾಳ ಬಾಗಿಲಿಗೆ ಬೀಗ. ಮಗು ನಿದ್ದೆ ಮಾಡಿತ್ತು. ಹಾಲು ಮುಗಿದಿತ್ತು. ಹಿಲ್ಡಾ ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದಳು.

"ಕೆಳಗಿನ ಅಂಗಡಿ. ಐದು ನಿಮಿಷ," ಅಂದಳು.

"ಹೋಗು."

ಅವಳು ಇಳಿದದ್ದೇ ಮಗು ಎದ್ದಿತು. ಅಂಗಡಿಯಲ್ಲಿ ಜನ ಇತ್ತೋ, ಲಿಫ್ಟ್ ನಿಂತಿತ್ತೋ, ಐದು ನಿಮಿಷ ಇಪ್ಪತ್ತಾಯಿತು. ಮೆಲಿಟಾ ಆಗ ನಿಲ್ಲುತ್ತಿದ್ದಳು. ತೊಟ್ಟಿಲಿನ ಕಂಬಿ ಹಿಡಿದು ನಿಂತು ಅತ್ತಳು, ಆಮೇಲೆ ಎರಡೂ ಕೈ ಮೇಲೆತ್ತಿ ನನಗೆ ಚಾಚಿದಳು. ಲೀಲಾ ಇರುವಾಗ ಮಗು ನನಗೆ ಕೈ ಚಾಚಿದ್ದೇ ಇಲ್ಲ. ನನ್ನ ಮಾತ್ರೆ ಇಳಿಯುವ ಹೊತ್ತು. ಬಲಗೈ ಆಗಲೇ ಕುಣಿಯುತ್ತಿತ್ತು, ಎಡಗೈ ನೆಟ್ಟಗಿತ್ತು. ಎಡಗೈಯಲ್ಲಿ ಎತ್ತಬಹುದಿತ್ತು. ನಾಲ್ಕು ಹೆಜ್ಜೆ, ಮಂಚದ ತನಕ. ಯಾರೂ ನೋಡುವವರಿಲ್ಲ.

ನಾನು ಎತ್ತಲಿಲ್ಲ. ಗೋಡೆ ಹಿಡಿದು ಕೆಳಗೆ ಕೂತೆ, ಕಂಬಿಯ ಸಂದಿನಲ್ಲಿ ಕೈ ಹಾಕಿದೆ. ಅವಳಿಗೆ ಆ ಕೈ ಬೇಡವಾಯಿತು. ದೂಡಿದಳು, ಒಂದು ಸಲ ಕಚ್ಚಿದಳು. ಹೊಸ ಹಲ್ಲು, ಗುರುತು ಬಿತ್ತು. ಅತ್ತು ಅತ್ತು ಗಂಟಲು ಒಡೆಯಿತು. ಹಾಡಲು ನೋಡಿದೆ, ನನ್ನ ದನಿಯೂ ಈಗ ಮೇಲೆ ಏಳುವುದಿಲ್ಲ. ಹಾಗೇ ಕೂತೆ.

ಹಿಲ್ಡಾ ಬಾಗಿಲಿನಿಂದಲೇ ಚೀಲ ಬಿಸಾಡಿ ಓಡಿಬಂದಳು. ಮಗುವನ್ನು ಎತ್ತಿ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದಳು.

"ಎಲ್ಲಿಗೆ ತಾಗಿತು?"

"ಎಲ್ಲಿಗೂ ಇಲ್ಲ."

"ಮತ್ತೆ ಇಷ್ಟು ಅಳುವುದು?"

"ಎತ್ತಲಿಲ್ಲ ಅಂತ."

ಅವಳು ನನ್ನ ಕಡೆ ನೋಡಿದಳು. ನಾನು ನೆಲದಲ್ಲಿ, ಒಂದು ಕೈ ಇನ್ನೂ ಕಂಬಿಯ ಒಳಗೆ, ಏಳಲು ಆಗುತ್ತಿರಲಿಲ್ಲ.

"ಇಷ್ಟು ಹೊತ್ತೂ ಎತ್ತಲಿಲ್ಲವಾ, ಮಾಂಯ್?"

"ಇಲ್ಲ."

ಹಿಲ್ಡಾ ಸಮಾಧಾನ ಹೇಳುವವಳಲ್ಲ, ನನ್ನದೇ ಮಗಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆ ಮನೆಗೆ ಹೋಗಿ ನನ್ನ ಮಾತ್ರೆ, ರೊಟ್ಟಿಯ ತುಂಡು, ನೀರು ತಂದು ಇಟ್ಟಳು. ಆಮೇಲೆ ಹಾಲು ಕಾಯಿಸಲು ಹೋದಳು.

ಮರು ಶುಕ್ರವಾರ ಅವಳು ಅಂಗಡಿಗೆ ಹೋದದ್ದು ನನಗೆ ಗೊತ್ತಾಗಲಿಲ್ಲ. ಬಾಗಿಲ ಸದ್ದು ಕೇಳಿ ತಿರುಗಿ ನೋಡಿದರೆ ಮಗು ಚಾಪೆಯ ಮೇಲೆ ಎಚ್ಚರ ಇತ್ತು, ಮನೆಯಲ್ಲಿ ನಾವಿಬ್ಬರೇ. ಈಗ ವಾರಕ್ಕೆ ಎರಡು ಮೂರು ಸಲ ಹಾಗೆ ಬಿಟ್ಟು ಹೋಗುತ್ತಾಳೆ. ನಾನು ಎತ್ತುವುದಿಲ್ಲ ಅಂತ ಅವಳಿಗೆ ಗೊತ್ತಾಯಿತಲ್ಲ.